ಹೊಗೆಸೊಪ್ಪಿನ ಸೀಮೆಯಲ್ಲಿ ಈಚಲು ಮರಕ್ಕೆ ದಿಕ್ಕಿಲ್ಲ

ಮೈಸೂರು: ಹೊಗೆಸೊಪ್ಪಿಗೆ ಪರ್ಯಾಯವೇನು? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯಲ್ಲಿ ಎರಡು ದಶಕಗಳಿಂದ ಕೇಳಿಬರುತ್ತಿರುವ ಪ್ರಶ್ನೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ತಂಬಾಕನ್ನು ನಂಬಿದವರಿಗೆ ಲಾಭದಾಯಕವಾದ ಬದಲಿ ಜೀವನೋಪಾಯವನ್ನು ಸರ್ಕಾರಗಳು ಉತ್ತೇಜಿಸಬೇಕು ಎನ್ನುತ್ತದೆ ಅದರ 17ನೇ ವಿಧಿ. ಅಂದಿನಿಂದ ಇಂದಿನವರೆಗೆ ಶುಂಠಿ, ಬಾಳೆ, ಮುಸುಕಿನ ಜೋಳ, ರೇಷ್ಮೆ, ತರಕಾರಿ, ಅಡಿಕೆ ಎಂದು ಹೆಸರುಗಳು ಬಂದು ಹೋಗಿವೆ. ಹೊಗೆಸೊಪ್ಪು ಮಾತ್ರ ನಿಂತ ನೆಲದಲ್ಲೇ ನಿಂತಿದೆ.

ಈ ಚರ್ಚೆಯಲ್ಲಿ ಒಂದು ಮರದ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದು ಇದೇ ನೆಲದ ಮರ. ಯಾರೂ ನೆಡದೆ, ನೀರು ಹಾಯಿಸದೆ, ಗೊಬ್ಬರ ಹಾಕದೆ ಕೆರೆಯ ಅಂಗಳದಲ್ಲಿ, ಹಳ್ಳದ ದಂಡೆಯಲ್ಲಿ, ಜೌಗು ತಗ್ಗುಗಳಲ್ಲಿ ಬೆಳೆಯುತ್ತ ಬಂದದ್ದು. ಅದೇ ಈಚಲು. ಹೆಸರೆತ್ತಿದ ಕೂಡಲೇ ಕೇಳುವವರ ಮುಖದಲ್ಲಿ ಕಿರುನಗೆ ಮೂಡುತ್ತದೆ. ‘ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದಂತೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆ ಮರದ ನೆರಳಿನಲ್ಲಿ ಕುಳಿತವನು ಏನು ಕುಡಿದರೂ ಅದು ಹೆಂಡವೇ. ಸರ್ಕಾರವೂ ಈ ಮರವನ್ನು ಬಹುಕಾಲದಿಂದ ಇದೇ ಗಾದೆಯ ಕಣ್ಣಿನಿಂದ ನೋಡುತ್ತ ಬಂದಿದೆ ಎಂಬುದೇ ಇಲ್ಲಿನ ಸಮಸ್ಯೆಯ ಮೂಲ.

ನೀರಿನ ನೆರೆಯ ಮರ

ಈಚಲು ತಾಳೆಯ ಕುಲಕ್ಕೆ ಸೇರಿದ್ದು. ಅರಬ್ ನಾಡಿನ ಖರ್ಜೂರದ ಹತ್ತಿರದ ನಂಟ. ಬಂಗಾಳದ ಸುಂದರಬನದ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಹೇತಾಲ್ ಎಂಬ ಜೌಗು ಈಚಲು ಇದರ ಇನ್ನೊಂದು ಸೋದರ. ನಮ್ಮ ಈಚಲು ಒಣ ನೆಲದಲ್ಲೂ ಜೀವ ಹಿಡಿದುಕೊಳ್ಳುತ್ತದೆಯಾದರೂ ಸೊಂಪಾಗಿ ಗುಂಪುಗಟ್ಟುವುದು ತೇವವಿರುವ ಕಡೆಯಲ್ಲೇ. ಬಾವಿ ತೋಡಿಸುವವರು ಈಚಲು ಮೆಳೆ ಕಂಡರೆ ನೀರು ಹತ್ತಿರವಿದೆ ಎಂದು ಲೆಕ್ಕ ಹಾಕುತ್ತಿದ್ದರು. ಲಕ್ಷ್ಮಣತೀರ್ಥಕ್ಕೆ ಸೇರುವ ಹಳ್ಳಗಳು, ಪಿರಿಯಾಪಟ್ಟಣ ಸೀಮೆಯ ಮಳೆಯಾಶ್ರಿತ ಕೆರೆಗಳು, ಎಚ್.ಡಿ. ಕೋಟೆಯ ಕಾಡಂಚಿನ ತೊರೆಗಳು, ಕೆ.ಆರ್. ನಗರದ ಕಾವೇರಿ ನಾಲೆಗಳ ಕೆಳಗಿನ ತಗ್ಗು ಭೂಮಿ ಇವೆಲ್ಲ ಈಚಲಿಗೆ ಹೇಳಿ ಮಾಡಿಸಿದ ಜಾಗಗಳು.

ಈ ಮರದ ಉಪಯೋಗವನ್ನು ಹೇಳುವಾಗ ಬೇರಿನಿಂದ ಸುಳಿಯವರೆಗೆ ಹೇಳಬೇಕಾಗುತ್ತದೆ. ಬೇರು ಹಳ್ಳದ ದಂಡೆಯ ಮಣ್ಣನ್ನು ಹಿಡಿದಿಡುತ್ತದೆ. ಕಾಂಡವನ್ನು ಸೀಳಿ ಬಡವರ ಮನೆಗೆ ತೊಲೆ, ಜಂತೆ ಮಾಡುತ್ತಿದ್ದರು; ಒಳಗಿನ ತಿರುಳು ತೆಗೆದು ನೀರು ಹಾಯಿಸುವ ದೋಣಿ ಮಾಡುತ್ತಿದ್ದರು; ಹಳ್ಳಕ್ಕೆ ಅಡ್ಡ ಹಾಕಿ ದಾಟುತ್ತಿದ್ದರು. ಗರಿಯ ದಂಟನ್ನು ಸೀಳಿ ಹೆಣೆದ ಬುಟ್ಟಿ, ಪುಟ್ಟಿ, ಮಂಕರಿಗಳಲ್ಲಿ ಗೊಬ್ಬರ ಹೊತ್ತರು, ರಾಗಿ ತೆನೆ ತುಂಬಿದರು, ಕೋಳಿ ಮುಚ್ಚಿದರು. ಎಲೆಯಿಂದ ಚಾಪೆ ಮತ್ತು ಪೊರಕೆ. ಕಣದಲ್ಲಿ ಧಾನ್ಯ ಒಣಗಿಸಲು, ಬಾಣಂತಿಯ ಕೋಣೆಯಲ್ಲಿ ಹಾಸಲು, ಕೊನೆಗೆ ಹೆಣ ಮಲಗಿಸಲು ಕೂಡ ಈಚಲು ಚಾಪೆಯೇ. ಹಣ್ಣಿನಲ್ಲಿ ತಿರುಳು ಕಡಿಮೆ, ಬೀಜವೇ ಹೆಚ್ಚು. ಆದರೂ ದನ ಕಾಯುವ ಹುಡುಗರು ಬಿಡುತ್ತಿರಲಿಲ್ಲ. ಕಾಡಂಚಿನಲ್ಲಿ ಕರಡಿ, ನರಿ, ಪುನುಗು ಬೆಕ್ಕುಗಳಿಗೆ ಅದು ಹಬ್ಬ. ಬಾವಿಯ ಮೇಲೆ ಬಾಗಿದ ಈಚಲು ಗರಿಯ ತುದಿ ಗೀಜಗ ಹಕ್ಕಿಯ ಮೆಚ್ಚಿನ ತಾಣ.

ಇನ್ನು ರಸ. ಮರ ಐದಾರು ವರ್ಷ ದಾಟಿ ಬಲಿತ ಮೇಲೆ ಸುಳಿಯ ಕೆಳಗಿನ ಗರಿಗಳನ್ನು ಸವರಿ, ಮೆದುವಾದ ಭಾಗವನ್ನು ತೆಳ್ಳಗೆ ಕೆತ್ತಿ ಮಡಕೆ ಕಟ್ಟುತ್ತಾರೆ. ಒಂದು ವರ್ಷ ಒಂದು ಬದಿ, ಮರುವರ್ಷ ಎದುರು ಬದಿ. ಹಳೆಯ ಈಚಲು ಮರಗಳ ಕಾಂಡ ಹಲ್ಲುಹಲ್ಲಾಗಿ, ಅಂಕುಡೊಂಕಾಗಿ ಕಾಣುವುದು ಇದರಿಂದಲೇ. ಮರದ ಮೈ ನೋಡಿದರೆ ಎಷ್ಟು ವರ್ಷ ರಸ ಇಳಿಸಿದ್ದಾರೆ ಎಂದು ಎಣಿಸಿ ಹೇಳಬಹುದು. ಸೂರ್ಯೋದಯಕ್ಕೆ ಮುನ್ನ ಇಳಿಸಿದರೆ ಸಿಹಿಯಾದ ನೀರಾ. ಬಿಸಿಲೇರಿದಂತೆ ಹುಳಿತು ಹೆಂಡ. ತಾಜಾ ರಸವನ್ನು ಕಾಯಿಸಿದರೆ ಬೆಲ್ಲ. ಒಂದೇ ಮಡಕೆಯಿಂದ ಮೂರು ದಾರಿ. ಹಳೆಯ ಮೈಸೂರಿನಲ್ಲಿ ಇವುಗಳಲ್ಲಿ ಒಂದು ದಾರಿ ಮಾತ್ರ ಹೆದ್ದಾರಿಯಾಯಿತು.

ಅಬಕಾರಿಯ ಕಣ್ಣು

ಹೆಂಡ ಮತ್ತು ಕನ್ನಡದ ನಂಟು ಹಳೆಯದು. 12ನೇ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿದ್ದ. 20ನೇ ಶತಮಾನದಲ್ಲಿ ಜಿ.ಪಿ. ರಾಜರತ್ನಂ ಅವರ ಕುಡುಕ ರತ್ನ ಮನೆಮಾತಾದ. ರಾಜ್ಯದ ಬೊಕ್ಕಸಕ್ಕೆ ಈಚಲು ಮುಖ್ಯವಾದದ್ದು ಮಾತ್ರ ಅಬಕಾರಿ ಗುತ್ತಿಗೆಯ ಕಾಲದಲ್ಲಿ. ಮರಗಳನ್ನು ಎಣಿಸಿ, ಗುರುತು ಹಾಕಿ, ತೆರಿಗೆ ಕಟ್ಟಿಸಿಕೊಂಡು ರಸ ಇಳಿಸಲು ಬಿಡುವ ವ್ಯವಸ್ಥೆ ಬೆಳೆಯಿತು. ಹಳೆಯ ಮೈಸೂರಿನ ಹಲವೆಡೆ ಕಂದಾಯ ದಾಖಲೆಗಳಲ್ಲಿ ‘ಈಚಲು ವನ’ ಎಂದು ನಮೂದಾದ ಸರ್ಕಾರಿ ಜಮೀನುಗಳಿರುವುದು ಆ ವ್ಯವಸ್ಥೆಯ ಕುರುಹು. ಹಣ ತರುವ ಮರವಾದ್ದರಿಂದ ಅದನ್ನು ಕಾಯುವವರೂ ಇದ್ದರು. ಗುತ್ತಿಗೆದಾರನಿಗೆ ತಿಳಿಯದೆ ಯಾರೂ ಕೊಡಲಿ ಹಾಕುವಂತಿರಲಿಲ್ಲ.

ಹಣ ತರುವ ಮರ ಎಂಬುದೇ ಅದಕ್ಕೆ ಮುಳುವೂ ಆಯಿತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ನಡೆದ ಅರಣ್ಯ ಸತ್ಯಾಗ್ರಹದಲ್ಲಿ ಕಾಂಗ್ರೆಸ್ ಕಾರ್ಯಕರ್ತರು ಕಾನೂನು ಮುರಿದು ಈಚಲು ಮರಗಳನ್ನು ಕಡಿದರು. ಮರ ಕಡಿದರೆ ಸಂಸ್ಥಾನದ ಆದಾಯಕ್ಕೂ ಪೆಟ್ಟು, ಕುಡಿತಕ್ಕೂ ಪೆಟ್ಟು ಎಂಬುದು ಲೆಕ್ಕಾಚಾರ. ಆ ಹೋರಾಟದಲ್ಲಿ ಜೈಲು ಸೇರಿ ವಕೀಲಿಕೆಯ ಸನದು ಕಳೆದುಕೊಂಡವರಲ್ಲಿ ಎಸ್. ನಿಜಲಿಂಗಪ್ಪ ಒಬ್ಬರು. ಅದೇ ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ರಾಜ್ಯದಲ್ಲಿ ಪಾನನಿಷೇಧ ತೆರವಾಯಿತು ಎಂಬುದನ್ನು ಇತಿಹಾಸದ ವಿನೋದ ಎನ್ನಬೇಕೋ, ರಾಜ್ಯಾಡಳಿತದ ಅನಿವಾರ್ಯ ಎನ್ನಬೇಕೋ ಓದುಗರೇ ತೀರ್ಮಾನಿಸಬೇಕು.

ಅದೇ ಕಾಲದಲ್ಲಿ ಗಾಂಧೀಜಿಯವರು ಬೇರೆಯೇ ದಾರಿ ಹೇಳುತ್ತಿದ್ದರು ಎಂಬುದು ಗಮನಾರ್ಹ. ಪಾನನಿಷೇಧದ ಕಟ್ಟಾ ಪ್ರತಿಪಾದಕರಾದ ಅವರು ಮರ ಕಡಿಯುವ ಬದಲು ಅದರ ರಸವನ್ನು ಬೆಲ್ಲ ಮಾಡಿ ಎಂದರು. ಈ ವಿಚಾರ ಸ್ವಾತಂತ್ರ್ಯಾನಂತರ ಖಾದಿ ಮತ್ತು ಗ್ರಾಮೋದ್ಯೋಗದ ಕಾರ್ಯಕ್ರಮವಾಯಿತು. ತಮಿಳುನಾಡಿನಲ್ಲಿ ತಾಳೆ ಬೆಲ್ಲ ಇಂದಿಗೂ ದಿನಸಿ ಅಂಗಡಿಯ ಸರಕು. ಪಶ್ಚಿಮ ಬಂಗಾಳದಲ್ಲಿ ಚಳಿಗಾಲ ಬಂತೆಂದರೆ ನಮ್ಮದೇ ಜಾತಿಯ ಈಚಲು ಮರದಿಂದ ಇಳಿಸಿದ ‘ನೊಲೆನ್ ಗುಡ್’ಗೆ ಜನ ಮುಗಿಬೀಳುತ್ತಾರೆ, ಆ ಬೆಲ್ಲದಿಂದ ಮಾಡುವ ಜೊಯನಗರದ ಮೋವಾ ಎಂಬ ಸಿಹಿತಿನಿಸಿಗೆ 2015ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಮೈಸೂರು ಸೀಮೆಯಲ್ಲಿ ಈಚಲು ಬೆಲ್ಲ ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ.

ಮುಂದಿನದು ತೀರಾ ಇತ್ತೀಚಿನ ಚರಿತ್ರೆ. ರಾಸಾಯನಿಕ ಬೆರೆಸಿದ ಕಲಬೆರಕೆ ಶೇಂದಿಯ ಹಾವಳಿ ಮಿತಿಮೀರಿತು. ಮರದಿಂದ ಇಳಿಯುವ ರಸಕ್ಕಿಂತ ಅಂಗಡಿಯಲ್ಲಿ ಮಾರಾಟವಾಗುವ ಹೆಂಡವೇ ಹೆಚ್ಚು ಎಂಬ ಸ್ಥಿತಿ ಬಂದಾಗ ಕ್ರಮ ಅಗತ್ಯವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. 2000ರ ದಶಕದಲ್ಲಿ ಕರಾವಳಿಯನ್ನು ಬಿಟ್ಟು ರಾಜ್ಯದ ಹೆಚ್ಚಿನ ಭಾಗದಲ್ಲಿ ಶೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ. ಅಬಕಾರಿ ಆದಾಯ 2023-24ರಲ್ಲಿ 30 ಸಾವಿರ ಕೋಟಿ ರೂಪಾಯಿ ದಾಟಿತು; ಆ ಹಣ ಬಾಟಲಿ, ಪ್ಯಾಕೆಟ್‌ಗಳ ಮದ್ಯದಿಂದ ಬಂದದ್ದು. ನಿಂತದ್ದು ಮರ ಹತ್ತುವವರ ಕೆಲಸ.

ಈಡಿಗ ಸಮುದಾಯದ ಒಂದು ವರ್ಗ ಶೇಂದಿ ಇಳಿಸಲು ಮತ್ತೆ ಅವಕಾಶ ಕೊಡಿ ಎಂದು ಕೇಳುತ್ತಲೇ ಬಂದಿದೆ. ಹೆಂಡ ಇಳಿಸುವುದು, ಮಾರುವುದು, ಕುಡಿಯುವುದು ಮೂರನ್ನೂ ಬಿಡಿ ಎಂದ ನಾರಾಯಣ ಗುರುಗಳನ್ನು ಪೂಜಿಸುವವರೂ ಇದೇ ಸಮುದಾಯದಲ್ಲಿದ್ದಾರೆ. ಹೀಗಾಗಿ ಬೇಡಿಕೆ ಒಕ್ಕೊರಲಿನದಲ್ಲ. ಸರ್ಕಾರಗಳಿಗೆ ಇದು ಅನುಕೂಲಕರ ಮೌನ.

ನಿಷೇಧದ ನಂತರ ಮರದ ಗತಿ

ನಿಷೇಧದಿಂದ ಮರಕ್ಕೆ ನೆಮ್ಮದಿ ಸಿಗಬೇಕಿತ್ತು. ಕೆತ್ತುವವರಿಲ್ಲ, ಸುಳಿ ಕಡಿಯುವವರಿಲ್ಲ. ಆದದ್ದು ಬೇರೆ. ಆದಾಯ ತರದ ಮರ ಅಬಕಾರಿ ಇಲಾಖೆಗೆ ಬೇಡವಾಯಿತು. ಅರಣ್ಯ ಇಲಾಖೆಯ ದೃಷ್ಟಿಯಲ್ಲಿ ಅದು ಮರಮುಟ್ಟಿನ ಮರವಲ್ಲ. ತೋಟಗಾರಿಕೆಯವರಿಗೆ ಅದು ಬೆಳೆಯಲ್ಲ. ಕೃಷಿಯವರಿಗೆ ಮುಳ್ಳುಕಂಟಿ. ಕೆರೆಯ ಹೂಳೆತ್ತುವಾಗ, ಹಳ್ಳದ ದಂಡೆ ಸವರಿ ಹೊಲಕ್ಕೆ ಸೇರಿಸಿಕೊಳ್ಳುವಾಗ ಜೆಸಿಬಿಯ ಮೊದಲ ತುತ್ತು ಈಚಲು ಮೆಳೆಯೇ. ಕೇಳುವವರಿಲ್ಲದ ಮರವನ್ನು ಕಿತ್ತರೆ ಯಾವ ಕಡತವೂ ಕದಲುವುದಿಲ್ಲ.

ರೈತರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಈಚಲು ಮೆಳೆಯಲ್ಲಿ ಹಾವು ಸೇರುತ್ತವೆ. ಕಾಡಂಚಿನ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಹಂದಿಗೂ ಚಿರತೆಗೂ ಅದು ಅಡಗುದಾಣ. ಸಂಜೆ ಹೊಲದಿಂದ ಮರಳುವ ಹೆಂಗಸಿಗೆ ಹಳ್ಳದ ಬದಿಯ ಮೆಳೆ ಸೌಂದರ್ಯವಲ್ಲ, ಭಯ. ಜತೆಗೆ ಭೂಮಿಯ ಬೆಲೆ, ಶುಂಠಿಗೆ ಸಿಗುವ ಗುತ್ತಿಗೆ ಹಣ, ಕೊಳವೆಬಾವಿಯ ನಂಬಿಕೆಯಲ್ಲಿ ಹಬ್ಬುತ್ತಿರುವ ಅಡಿಕೆ. ಒಂದು ಗೇಣು ತಗ್ಗನ್ನೂ ಖಾಲಿ ಬಿಡುವ ಕಾಲ ಇದಲ್ಲ.

ನಷ್ಟ ಯಾರಿಗೆ ಎಂದು ಕೇಳಿದರೆ ಉತ್ತರ ಕೊರಚ, ಕೊರಮ ಸಮುದಾಯಗಳ ಕೇರಿಗಳಲ್ಲಿದೆ. ಮೇದರಿಗೆ ಬಿದಿರು ಹೇಗೋ ಇವರಿಗೆ ಈಚಲು ಹಾಗೆ. ಬುಟ್ಟಿ, ಚಾಪೆ, ಪೊರಕೆ ಹೆಣೆದು ಸಂತೆಯಲ್ಲಿ ಮಾರುವುದು ಇವರ ಹಳೆಯ ಕಸುಬು. ಇವರಲ್ಲಿ ಹಲವರಿಗೆ ಸ್ವಂತ ಜಮೀನಿಲ್ಲ. ಸರ್ಕಾರಿ ಹಳ್ಳ, ಕೆರೆ ಅಂಗಳವೇ ಇವರ ‘ತೋಟ’. ಪ್ಲಾಸ್ಟಿಕ್ ಬುಟ್ಟಿ, ನೈಲಾನ್ ಚೀಲ, ಟಾರ್ಪಾಲಿನ್ ಬಂದ ಮೇಲೆ ಬೇಡಿಕೆ ಕುಗ್ಗಿದ್ದು ನಿಜ. ಆದರೂ ಗೊಬ್ಬರ ಹೊರಲು, ಅಂಗಳ ಗುಡಿಸಲು, ಮದುವೆ ಮತ್ತು ಸಾವಿನ ಶಾಸ್ತ್ರಕ್ಕೆ ಇವರ ಸರಕು ಇಂದಿಗೂ ಬೇಕು. ಬೇಡಿಕೆ ಅರ್ಧವಾದರೂ ಕಸುಬು ಬದುಕೀತು. ಗರಿಯೇ ಸಿಗದಿದ್ದರೆ ಬದುಕುವುದು ಹೇಗೆ? ಹೆಂಡದ ಪರ-ವಿರೋಧದ ಗದ್ದಲದಲ್ಲಿ ಇವರ ಮಾತು ಎಂದೂ ಕೇಳಿಬಂದಿಲ್ಲ. ಹೆಂಡಕ್ಕೂ ಇವರ ಬುಟ್ಟಿಗೂ ಸಂಬಂಧವೇ ಇಲ್ಲ. ಒಂದೇ ಮರ ಎಂಬುದಷ್ಟೇ ನಂಟು.

ಕಾಡಿನೊಳಗೆ ಇದೇ ಕುಲದ ಕುಳ್ಳ ಜಾತಿಯ ಕಿರು ಈಚಲು ಬೆಳೆಯುತ್ತದೆ. ನೀಲಗಿರಿ ಮತ್ತು ಬಿಳಿಗಿರಿರಂಗನ ಬೆಟ್ಟಗಳ ಕಡೆ ಅದರ ಗರಿಯಿಂದ ಪೊರಕೆ ಕಟ್ಟುವುದು ಆದಿವಾಸಿಗಳ ವರಮಾನದ ಒಂದು ಭಾಗ. ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿಕೊಂಡಿದೆ. ಕಾಡಿನ ಈಚಲಿಗೆ ಕಾಗದದ ಮೇಲಾದರೂ ಹಕ್ಕುದಾರರಿದ್ದಾರೆ. ಊರಿನ ಈಚಲಿಗೆ ಅಷ್ಟೂ ಇಲ್ಲ.

ಹೊಗೆಸೊಪ್ಪಿನ ಲೆಕ್ಕ

ಈ ಸೀಮೆಯಲ್ಲಿ ಯಾವ ಮರದ ಕತೆ ಹೇಳಿದರೂ ಅದು ಕೊನೆಗೆ ಬ್ಯಾರನ್ ಬಾಗಿಲಿಗೆ ಬಂದು ನಿಲ್ಲುತ್ತದೆ. 1975ರ ಕಾಯ್ದೆಯಂತೆ ರಚನೆಯಾದ ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭಿಸಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಊರುಗಳು ಹೊರಗಿನ ಲೋಕಕ್ಕೆ ಪರಿಚಯವಾದದ್ದು ಹರಾಜು ಮಾರುಕಟ್ಟೆಗಳಿಂದಲೇ. ಮಂಡಳಿ ರಾಜ್ಯಕ್ಕೆ ನಿಗದಿಪಡಿಸುವ ಪ್ರಮಾಣ ಈಚಿನ ವರ್ಷಗಳಲ್ಲಿ ಸುಮಾರು 10 ಕೋಟಿ ಕಿಲೋ. ಒಂದು ಕಿಲೋ ಸೊಪ್ಪು ಹದ ಮಾಡಲು ನಾಲ್ಕರಿಂದ ಐದು ಕಿಲೋ ಸೌದೆ ಬೇಕು ಎಂಬ ಸಾಮಾನ್ಯ ಅಂದಾಜನ್ನು ಇಟ್ಟುಕೊಂಡರೆ ವರ್ಷಕ್ಕೆ ನಾಲ್ಕರಿಂದ ಐದು ಲಕ್ಷ ಟನ್ ಸೌದೆ. ಸರ್ವೆ, ನೀಲಗಿರಿ, ಸುಬಾಬುಲ್, ಹೊಲದ ಬದುವಿನ ಹಳೆಯ ಮರಗಳು ಎಲ್ಲವೂ ಈ ಒಲೆಗೆ ಹೋಗಿವೆ. ನಾರುನಾರಾದ ಈಚಲು ಕಾಂಡ ಒಳ್ಳೆಯ ಸೌದೆಯಲ್ಲ. ಅದನ್ನು ಬ್ಯಾರನ್ ನುಂಗಿತು ಎನ್ನುವುದು ಪೂರ್ತಿ ನಿಜವಾಗದು. ಅದನ್ನು ನುಂಗಿದ್ದು ಬ್ಯಾರನ್ ಅಲ್ಲ, ಬ್ಯಾರನ್ ಕಟ್ಟಿಸಿದ ಹಣದ ಬೇಸಾಯದ ಧೋರಣೆ: ನಗದು ತರದ ಯಾವುದಕ್ಕೂ ಹೊಲದ ಅಂಚಿನಲ್ಲಿ ಜಾಗವಿಲ್ಲ.

ಹೊಗೆಸೊಪ್ಪಿನ ಜಾಗಕ್ಕೆ ಈಚಲು ಬರಬಲ್ಲದೇ? ಖಂಡಿತ ಇಲ್ಲ. 2023-24ರ ಹರಾಜಿನಲ್ಲಿ ಕರ್ನಾಟಕದ ಸೊಪ್ಪಿನ ಸರಾಸರಿ ಬೆಲೆ ಕಿಲೋಗೆ 250 ರೂಪಾಯಿ ದಾಟಿತ್ತು. ಮಳೆ ನಂಬಿದ ಕೆಂಪು ಮಣ್ಣಿನ ತುಂಡು ಹೊಲದಿಂದ ನಾಲ್ಕೈದು ತಿಂಗಳಲ್ಲಿ ಅಷ್ಟು ದುಡ್ಡು ಕೊಡುವ, ಅದನ್ನು ನೇರ ಬ್ಯಾಂಕ್ ಖಾತೆಗೆ ಹಾಕುವ ಇನ್ನೊಂದು ಬೆಳೆ ತೋರಿಸಿ ಎಂದು ರೈತ ಕೇಳಿದರೆ ಯಾವ ಅಧಿಕಾರಿಯ ಬಳಿಯೂ ಉತ್ತರವಿಲ್ಲ. ನೆಟ್ಟು ಆರೇಳು ವರ್ಷ ಕಾಯಬೇಕಾದ ಮರವನ್ನು ಅದಕ್ಕೆ ಎದುರಾಳಿಯಾಗಿ ನಿಲ್ಲಿಸುವುದು ಹುಡುಗಾಟ.

ಆದರೆ ಪರ್ಯಾಯದ ಚರ್ಚೆಯಲ್ಲಿ ಒಂದು ಮೂಲಭೂತ ತಪ್ಪಿದೆ. ಪರವಾನಗಿ ಇರುವ, ಜಮೀನು ಇರುವ ಬೆಳೆಗಾರನಿಗೆ ಏನು ಕೊಡಬೇಕು ಎಂಬುದನ್ನಷ್ಟೇ ಅದು ಕೇಳುತ್ತದೆ. ಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟುವ, ರಾತ್ರಿಯೆಲ್ಲ ಒಲೆ ಕಾಯುವ ಕೂಲಿಗೆ ಏನು? ಆಗಸ್ಟ್‌ನಿಂದ ಕೆಲವು ತಿಂಗಳು ಬಿಡುವಿಲ್ಲದ ದುಡಿಮೆ. ಬ್ಯಾರನ್ ಒಲೆ ಆರಿದ ಮೇಲೆ ಕೊಡಗಿನ ಕಾಫಿ ತೋಟಕ್ಕೋ, ಮೈಸೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ. ಈಚಲು ರಸ ಸಿಹಿಯಾಗಿ, ಹುಳಿಯಾಗದೆ ಇಳಿಯುವುದು ನವೆಂಬರ್‌ನಿಂದ ಫೆಬ್ರುವರಿಯ ಚಳಿಯಲ್ಲಿ. ಅಂದರೆ ಬ್ಯಾರನ್ ಆರಿದ ಮೇಲೆ ಮಡಕೆ ಕಟ್ಟುವ ಕಾಲ. ಗರಿ, ಚಾಪೆ, ಪೊರಕೆಯ ಕೆಲಸ ಬೇಸಿಗೆಯಲ್ಲೂ ನಡೆಯುತ್ತದೆ. ಹೊಗೆಸೊಪ್ಪನ್ನು ಕಿತ್ತುಹಾಕದೆಯೇ ಅದರ ಕೂಲಿಯ ಖಾಲಿ ತಿಂಗಳುಗಳನ್ನು ತುಂಬುವ ಕಸುಬು ಇದು.

ಇದರಲ್ಲೂ ತೊಡಕುಗಳಿಲ್ಲದಿಲ್ಲ. ಒಂದು ಕಿಲೋ ಬೆಲ್ಲಕ್ಕೆ ಸುಮಾರು ಎಂಟರಿಂದ ಹತ್ತು ಲೀಟರ್ ರಸ ಕಾಯಿಸಬೇಕು. ಕಾಯಿಸಲು ಮತ್ತೆ ಸೌದೆ! ಬ್ಯಾರನ್ನಿನ ಹೊಗೆ ತಪ್ಪಿಸಲು ಹೊರಟು ಬೆಲ್ಲದ ಒಲೆ ಹಚ್ಚಿದರೆ ಏನು ಲಾಭ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಣಗಿದ ಈಚಲು ಗರಿ, ತೆಂಗಿನ ಮೊಟ್ಟೆ, ಮುಸುಕಿನ ಜೋಳದ ದಂಟು ಉರಿಸಿ ಸಣ್ಣ ಪ್ರಮಾಣದಲ್ಲಿ ಮಾಡಿದರೆ ಮಾತ್ರ ಲೆಕ್ಕ ಕೂಡುತ್ತದೆ. ಮರ ಹತ್ತುವ ಕೈಗಳೂ ಕಡಿಮೆ. ನಿಷೇಧದ ನಂತರ ಬೆಳೆದ ತಲೆಮಾರಿಗೆ ಈಚಲು ಕೆತ್ತುವ ಕತ್ತಿಯ ಹದ ಗೊತ್ತಿಲ್ಲ. ತುಸು ಆಳಕ್ಕೆ ಹೋದರೆ ಮರವೇ ಸಾಯುತ್ತದೆ. ಅದು ತರಬೇತಿ ಕೇಂದ್ರದ ಮೂರು ದಿನದ ಶಿಬಿರದಲ್ಲಿ ಬರುವ ವಿದ್ಯೆಯಲ್ಲ.

ಕಾನೂನಿನ ತೊಡಕು ಇನ್ನೂ ದೊಡ್ಡದು. ತೆಂಗಿಗೆ ನುಸಿ ಬಿದ್ದು ಕಂಗೆಟ್ಟ ರೈತರು ನೀರಾ ಇಳಿಸಲು ಅವಕಾಶ ಕೇಳಿ ಚಳವಳಿಗಿಳಿದಾಗ, 2001ರಲ್ಲಿ, ಚನ್ನಪಟ್ಟಣ ಬಳಿಯ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಸಿಹಿ ರಸಕ್ಕೂ ಹೆಂಡಕ್ಕೂ ವ್ಯತ್ಯಾಸವಿದೆ ಎಂಬುದನ್ನು ಕಾನೂನು ಒಪ್ಪಿಕೊಳ್ಳಲು ಮತ್ತೆ ಒಂದೂವರೆ ದಶಕ ಹಿಡಿಯಿತು. 2016ರ ನಂತರವಷ್ಟೇ ರೈತ ಉತ್ಪಾದಕ ಕಂಪನಿಗಳ ಮೂಲಕ ನೀರಾ ಇಳಿಸಲು ದಾರಿ ತೆರೆಯಿತು. ಅಲ್ಲೂ ಗಮನವೆಲ್ಲ ತೆಂಗಿನ ಮೇಲೆ. ರಸ ಹುಳಿಯದಂತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ಸಂಗ್ರಹಿಸುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿ ‘ಕಲ್ಪರಸ’ ಎಂದು ಹೆಸರಿಟ್ಟಿತು. ತೆಂಗಿಗೆ ವಿಜ್ಞಾನಿಗಳಿದ್ದಾರೆ, ಮಂಡಳಿ ಇದೆ, ಮತಬ್ಯಾಂಕ್ ಇದೆ. ಈಚಲಿಗೆ ಇರುವುದು ಗಾದೆ ಮಾತ್ರ.

ಬಾವಲಿಯ ಎಚ್ಚರಿಕೆ

ಈಚಲಿನ ಪರ ವಾದಿಸುವವರು ಮರೆಮಾಚಬಾರದ ಒಂದು ಸಂಗತಿಯಿದೆ. ಬಾಂಗ್ಲಾದೇಶದಲ್ಲಿ 2001ರಿಂದ ಪದೇ ಪದೇ ಕಾಣಿಸಿಕೊಂಡ ನಿಪಾ ಸೋಂಕಿಗೂ ಕಾಯಿಸದ ಈಚಲು ರಸಕ್ಕೂ ನೇರ ಸಂಬಂಧವಿರುವುದು ದೃಢಪಟ್ಟಿದೆ. ರಾತ್ರಿ ಮಡಕೆಯ ರಸ ನೆಕ್ಕಲು ಬರುವ ಹಣ್ಣುಬಾವಲಿಗಳ ಜೊಲ್ಲು, ಮೂತ್ರದಿಂದ ವೈರಾಣು ರಸಕ್ಕೆ ಸೇರುತ್ತದೆ. 2018ರಲ್ಲಿ ಕೋಳಿಕ್ಕೋಡಿನಲ್ಲಿ ನಿಪಾ ಸ್ಫೋಟಿಸಿ 17 ಮಂದಿ ಸತ್ತರು. ಅಲ್ಲಿ ಸೋಂಕು ಬಂದ ದಾರಿ ಈ ರಸವೆಂದು ಸಾಬೀತಾಗಿಲ್ಲ. ಎಚ್.ಡಿ. ಕೋಟೆಯ ಗಡಿ ವಯನಾಡಿಗೆ ಅಂಟಿಕೊಂಡಿದೆ ಎಂಬುದನ್ನು ಮರೆಯುವಂತಿಲ್ಲ. ಮಡಕೆಗೂ ಕೆತ್ತಿದ ಭಾಗಕ್ಕೂ ಬಿದಿರಿನ ಹೆಣಿಗೆಯ ಹೊದಿಕೆ ಕಟ್ಟಿದರೆ ಬಾವಲಿ ಹತ್ತಿರ ಬಾರದು ಎಂಬುದನ್ನು ಬಾಂಗ್ಲಾದೇಶದಲ್ಲೇ ಪರೀಕ್ಷಿಸಿ ನೋಡಲಾಗಿದೆ. ಬೆಲ್ಲ ಮಾಡುವಾಗ ರಸ ಕುದಿಯುವುದರಿಂದ ಭಯವಿಲ್ಲ. ಹಸಿ ನೀರಾಕ್ಕಿಂತ ಬೆಲ್ಲವೇ ಈ ಸೀಮೆಗೆ ಸೂಕ್ತ ಎನ್ನಲು ಇದೊಂದು ಬಲವಾದ ಕಾರಣ. ಬೆಲ್ಲದ ಹೆಸರಿನಲ್ಲಿ ಕಟ್ಟಿದ ಮಡಕೆ ಹೆಂಡದಂಗಡಿ ಸೇರುವುದಿಲ್ಲ ಎಂಬ ಖಾತರಿ ಯಾರು ಕೊಡುತ್ತಾರೆ ಎಂದು ಅಬಕಾರಿ ಅಧಿಕಾರಿಗಳು ಕೇಳಬಹುದು, ಕೇಳಬೇಕಾದದ್ದೇ. ಆದರೆ ಆ ಅನುಮಾನವನ್ನು ಗರಿಯ ಮೇಲೂ ಚಾಪೆಯ ಮೇಲೂ ಹೇರಲು ಕಾರಣವಿಲ್ಲ.

ನಮ್ಮ ಹಳ್ಳಗಳಲ್ಲಿ ಜೆಸಿಬಿಗೆ ಸಿಕ್ಕುವ ಇದೇ ಮರ ಅಮೆರಿಕದ ಫ್ಲಾರಿಡಾದಲ್ಲಿ ‘ಸಿಲ್ವೆಸ್ಟರ್ ಪಾಮ್’ ಎಂಬ ಹೆಸರಿನಲ್ಲಿ ರಸ್ತೆ ಬದಿಯ, ಸಿರಿವಂತರ ಅಂಗಳದ ಅಲಂಕಾರದ ಮರ. ಅಲ್ಲಿನ ನರ್ಸರಿಗಳು ಅದನ್ನು ಬೀಜದಿಂದ ಬೆಳೆಸಿ, ಬೆಲೆ ಕಟ್ಟಿ ಮಾರುತ್ತವೆ.

ಇಲ್ಲಿ ಸದ್ಯಕ್ಕೆ ಬೇಕಿರುವುದು ದೊಡ್ಡ ಯೋಜನೆಯೇನೂ ಅಲ್ಲ. ನಾಲ್ಕು ತಾಲ್ಲೂಕುಗಳಲ್ಲಿ, ಈಗ ಅವುಗಳಿಂದ ಬೇರ್ಪಟ್ಟಿರುವ ಸಾಲಿಗ್ರಾಮ, ಸರಗೂರು ಸೇರಿದಂತೆ, ಕೆರೆ ಅಂಗಳ ಮತ್ತು ಹಳ್ಳದ ದಂಡೆಗಳಲ್ಲಿ ಎಷ್ಟು ಈಚಲು ಉಳಿದಿದೆ ಎಂಬ ಎಣಿಕೆ ಮೊದಲು ಆಗಬೇಕು. ಹೆಂಡದ ಕಾಲದಲ್ಲಿ ಒಂದೊಂದು ಮರವನ್ನೂ ಎಣಿಸಿ ತೆರಿಗೆ ವಸೂಲು ಮಾಡಿದ ಸರ್ಕಾರಕ್ಕೆ ಇದು ಅಸಾಧ್ಯವಲ್ಲ. ಹೂಳೆತ್ತುವ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ದಂಡೆಯ ಈಚಲನ್ನು ಬಿಡಬೇಕು ಎಂಬ ಒಂದು ಸಾಲು ಸೇರಿಸಲು ಗ್ರಾಮ ಪಂಚಾಯಿತಿಗೆ ಯಾರ ಅಪ್ಪಣೆಯೂ ಬೇಡ. ಗರಿ ಕೊಯ್ಯುವ ಹಕ್ಕನ್ನು ಹೆಣೆಯುವ ಕುಟುಂಬಗಳಿಗೆ ಲಿಖಿತವಾಗಿ ಕೊಟ್ಟರೆ, ತಾಯಿ ಮರದ ಸುಳಿ ಕಡಿಯದಂತೆ ಅವರೇ ಕಾಯುತ್ತಾರೆ. ಈಚಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಹಳ್ಳದಲ್ಲಿ ಎರಡೂ ಉಳಿದಿದ್ದರೆ ಮಾತ್ರ ಬೀಜ ಕಟ್ಟುತ್ತದೆ. ಹಣ್ಣು ಮಾಗಿ ಉದುರುವುದು ಮುಂಗಾರಿನ ಆಸುಪಾಸಿನಲ್ಲಿ, ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ನಾಟಿ ನಡೆಯುವ ದಿನಗಳಲ್ಲೇ. ಆಗ ಆಯ್ದಿಟ್ಟ ಬೀಜ ಮೊಳೆಯಲು ಎರಡು ಮೂರು ತಿಂಗಳು ಹಿಡಿಯುತ್ತದೆ.